ಮಗು ಮಲಗಿದಾಗ ಅವಳಿಗೆ ನಿದ್ದೆ ಬರುತ್ತಾ?

ಮಗನಿಗೀಗ ಹನ್ನೊಂದು ತಿಂಗಳು. ಇದನ್ನು ಬರೆಯಲಾ ಅಂತ ಹೆಂಡತಿಯನ್ನು ಕೇಳಿದೆ. 'ಬರೀರಿ, ಯಾರಿಗಾದ್ರೂ ಉಪಯೋಗ ಆಗ್ಲಿ' ಅಂದಳು.

ಬೆಂಗಳೂರಿನ ಮತ್ತಿಕೆರೆಯಲ್ಲಿ ಬಾಡಿಗೆ ಮನೆ ನಮ್ಮದು. ಬಾಣಂತನ ಮುಗಿಸಿ ಅತ್ತೆ ಮೂರನೇ ತಿಂಗಳಿಗೆ ಊರಿಗೆ ಹೋದರು. ಮಗ ರಾತ್ರಿ ಒಂದೂವರೆ ಗಂಟೆಗೊಮ್ಮೆ ಏಳುತ್ತಿದ್ದ. ತೋಳಲ್ಲಿ ನಿದ್ದೆ ಹೋದವನು ತೊಟ್ಟಿಲಿಗೆ ಬೆನ್ನು ತಾಗಿದ ಕೂಡಲೇ ಕಣ್ಣು ಬಿಡುತ್ತಿದ್ದ. ದೃಷ್ಟಿ ತೆಗೀರಿ ಅಂದರು ಪಕ್ಕದ ಮನೆಯವರು. ನಾನು 'ಬೆಳಗ್ಗೆ ಆಫೀಸಿದೆ' ಅಂತ ಹಾಲ್‌ನಲ್ಲಿ ಬೇರೆ ಮಲಗುತ್ತಿದ್ದೆ. ತಪ್ಪು ಅಂತ ಅನ್ನಿಸಲೇ ಇಲ್ಲ.

ಒಂದು ಬೆಳಗಿನ ಜಾವ ನೀರು ಕುಡಿಯೋಕೆ ಎದ್ದೆ. ಮಗ ಗಾಢ ನಿದ್ದೆಯಲ್ಲಿದ್ದ. ಅವಳು ಗೋಡೆಗೊರಗಿ ಕೂತಿದ್ದಳು.

'ಅವನು ಮಲಗಿದಾನಲ್ಲ, ನೀನೂ ಮಲಕ್ಕೋಬಾರದಾ?'

'ಬರಲ್ಲ ರೀ. ಅವನು ಮಲಗಿದ್ರೂ ನಂಗೆ ಬರಲ್ಲ. ಎಷ್ಟೋ ದಿನ ಆಯ್ತು.'

ಕೂಸು ಎಬ್ಬಿಸಿ ನಿದ್ದೆ ಕೆಡುವುದು ಎಲ್ಲ ಮನೆಯಲ್ಲೂ ಇದೆ. ಎಳೆಗೂಸಿನ ಹೊಟ್ಟೆ ಪುಟ್ಟದು, ಮೊದಲ ಕೆಲವು ವಾರ ಅದಕ್ಕೆ ಹಗಲು ರಾತ್ರಿಯ ಲೆಕ್ಕವೂ ಇರುವುದಿಲ್ಲ. ಆದರೆ ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಹತ್ತದಿದ್ದರೆ ಅದು ಖಿನ್ನತೆಯ ಅಥವಾ ಆತಂಕದ ಲಕ್ಷಣ ಇರಬಹುದು. ಬಾಣಂತಿಯರ ಖಿನ್ನತೆ ಗುರುತಿಸಲು 1987ರಲ್ಲೇ ರೂಪಿಸಿದ ಎಡಿನ್‌ಬರೋ ಪ್ರಶ್ನಾವಳಿ ಇದೆ. ಇರುವುದು ಬರೀ 10 ಪ್ರಶ್ನೆ, ಅದರಲ್ಲೊಂದು ನಿದ್ದೆಯದು. 6, 10, 14ನೇ ವಾರದ ಚುಚ್ಚುಮದ್ದಿಗೆ ಹೋದಾಗೆಲ್ಲ ಮಗನ ತೂಕ ನೋಡಿ ಕಾರ್ಡಿನಲ್ಲಿ ಬರೆದುಕೊಟ್ಟರು. ಅವಳನ್ನು ಒಂದು ಮಾತು ಕೇಳಿದವರಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ಕೇಳಲಿಲ್ಲ. ಮೂರು ಸಲವೂ ತಾಯಿ ಅಲ್ಲೇ, ಕಣ್ಣೆದುರೇ ಇರುತ್ತಾಳೆ. ಆ 10 ಪ್ರಶ್ನೆಗಳನ್ನು ಅಲ್ಲೇ ಕೇಳಿಬಿಡಬೇಕು ಅನ್ನುವುದು ನನ್ನ ಒತ್ತಾಯ.

ಕೊನೆಗೆ ಮನೋವೈದ್ಯರ ಹತ್ತಿರ ಹೋದೆವು. ಅವರು ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಬರೆದುಕೊಟ್ಟರು. ದಿನಕ್ಕೊಮ್ಮೆಯಾದರೂ ನಾಲ್ಕೈದು ಗಂಟೆ ಒಂದೇ ಸಮನೆ ಅವಳು ಮಲಗಲೇಬೇಕು ಅಂದರು. ಅದು ನನಗೆ ಹೇಳಿದ್ದು. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ತಾಯಿಗೆ 26 ವಾರ ರಜೆ ಸಿಕ್ಕಿತು. ಖಾಸಗಿ ಕಂಪನಿಯ ಅಪ್ಪನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಇದು ಅನ್ಯಾಯವೇ. ಆದರೆ ಹಾಲ್‌ನಿಂದ ಎದ್ದು ಒಳಗೆ ಹೋಗಲು ನನಗೆ ಯಾವ ಕಾನೂನೂ ಬೇಕಿರಲಿಲ್ಲ.

ಈ ಊರಿನಲ್ಲಿರುವವರಿಗೆ ಇನ್ನೊಂದು ಮಾತು. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಜೊತೆಗೇ ದಾಖಲಿಸಿಕೊಳ್ಳುವ ವಿಭಾಗ 2009ರಿಂದಲೂ ಇದೆ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ನಡುರಾತ್ರಿಯಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಅವಳು ಈಗ ಎಷ್ಟೋ ವಾಸಿ. ತಿಂಗಳಿಗೊಮ್ಮೆ ವೈದ್ಯರ ಹತ್ತಿರ ಹೋಗುತ್ತೇವೆ. ಮಗ ಈಗಲೂ ರಾತ್ರಿ ಎರಡು ಸಲ ಏಳುತ್ತಾನೆ. ಮೊದಲನೆಯದು ನನ್ನ ಪಾಳಿ.