ಕತ್ತೆಗೂ ಒಂದು ಕಾಲದಲ್ಲಿ ೞಕಾರ ಇತ್ತು

ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ವಿಡಿಯೊ ಗೇಮ್ ಮಾಡುವ ಕೆಲಸ ಅವನದು. ನಮ್ಮಲ್ಲಿ ಅಡಿಕೆ ಸುಲಿಯುವ ಕಾಲ. ರಾತ್ರಿ ಊಟ ಮುಗಿಸಿ ನಾವು ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ಇವನು ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಐದೈದು ನಿಮಿಷಕ್ಕೊಂದು ಶಬ್ದ ಎಸೆಯುತ್ತಿದ್ದ. “ಮಾವಾ, ‘ಪೊೞಲ್’ ಹೆಂಗಿದ್ದು?” “ಮಾವಾ, ‘ಕೂರ್ಮೆ’?”

ಗೇಮಿನಲ್ಲಿ ಒಂದು ದ್ವೀಪವಂತೆ. ಅಲ್ಲಿಯವರಿಗೆ ತಮ್ಮದೇ ಭಾಷೆ ಬೇಕಂತೆ. ಇಂಗ್ಲಿಷೂ ಕೇಳಿಸಬಾರದು, ಹಿಂದಿಯೂ ಕೇಳಿಸಬಾರದು, ‘ಹಳೇದು’ ಅನ್ನಿಸಬೇಕು. ಕಿಟೆಲ್ ನಿಘಂಟು ಈಗ ಫೋನಿನಲ್ಲೇ ಸಿಗುತ್ತದಲ್ಲ, ಅದರಿಂದ ಕಣ್ಣಿಗೆ ಚೆಂದ ಕಂಡ ಶಬ್ದಗಳನ್ನೆಲ್ಲ ಹೆಕ್ಕಿ ಪಟ್ಟಿ ಮಾಡಿದ್ದ. ಪಟ್ಟಿ ಇಸಕೊಂಡು ನೋಡುತ್ತೇನೆ, ‘ಯುದ್ಧದ ಕುದುರೆ’ ಎನ್ನುವುದರ ಎದುರಿಗೆ ‘ಕೞ್ತೆ’ ಅಂತ ಇದೆ.

“ತಮಾ, ಇದು ಕತ್ತೆ” ಅಂದೆ.

“ಗೊತ್ತಿದ್ದು. ಸೌಂಡ್ ಚೊಲೊ ಇದ್ದು. ಅರ್ಥ ಹೆಂಗೂ ನಂಗನೇ ಕೊಡದಲ್ದ ಮಾವಾ?”

ಸುಲಿಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು, ಆದರೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಹಳೆಗನ್ನಡ ಪಾಠ ಮಾಡಿದವನು ನಾನು. ಆ ಮೂವತ್ತು ವರ್ಷದಲ್ಲಿ ಒಬ್ಬ ಹುಡುಗನೂ ಇಷ್ಟು ಆಸೆಯಿಂದ, ಕನ್ನಡದಲ್ಲಿ ಈಗ ಬಳಕೆ ತಪ್ಪಿದ ೞಕಾರದ ಶಬ್ದ ಹುಡುಕಿಕೊಂಡು ಬಂದದ್ದಿಲ್ಲ. ಹಾಗಾಗಿ ಬಯ್ಯುವ ಮನಸ್ಸಾಗಲಿಲ್ಲ. ಆದರೆ ಅವನು ಮಾಡುತ್ತಿದ್ದದ್ದು ಸರಿ ಅಂತಲೂ ಅನ್ನಿಸಲಿಲ್ಲ. ಯಾಕೆ ಅಂತ ಹೇಳಲಿಕ್ಕೇ ಈ ಬರಹ.

ನಿಘಂಟಿನಿಂದ ಎತ್ತಿದ ಹಳೆಯ ಶಬ್ದ ಹಳೆಯದಾಗಿ ಕೇಳಿಸುವುದಿಲ್ಲ. ನಾಟಕದವರ ಕಿರೀಟದ ಹಾಗೆ ಹೊಳೆಯುತ್ತದೆ ಅಷ್ಟೇ. ಭಾಷೆಗೆ ವಯಸ್ಸು ಬರುವುದು ಸವೆತದಿಂದ, ಆ ಸವೆತಕ್ಕೊಂದು ಕ್ರಮ ಇರುತ್ತದೆ. ‘ಪುೞು’ ತೆಗೆದುಕೊಳ್ಳಿ. ತಮಿಳರು, ಮಲಯಾಳಿಗಳು ಇವತ್ತಿಗೂ ಪುೞು ಅಂತಲೇ ಅನ್ನುತ್ತಾರೆ. ನಾವು ಪಕಾರವನ್ನು ಹಕಾರ ಮಾಡಿ, ೞಕಾರವನ್ನು ಳಕಾರದಲ್ಲಿ ಕರಗಿಸಿ ‘ಹುಳು’ ಅಂದೆವು. ತುಳುವಿನಲ್ಲಿ ‘ಪುರಿ’, ತೆಲುಗಿನಲ್ಲಿ ‘ಪುರುಗು’. ಒಂದೇ ಹುಳು ಐದು ಮನೆ ಹೊಕ್ಕು ನಾಲ್ಕು ಬಣ್ಣವಾಯಿತು. ಅದೂ ಮನಸ್ಸಿಗೆ ಬಂದ ಹಾಗಲ್ಲ. ಪುೞು ಹುಳುವಾದ ದಾರಿಯಲ್ಲೇ ಪಟ್ಟಣ ಎಂಬ ಅರ್ಥದ ಪೊೞಲ್ ಹೊಳಲಾಯಿತು, ಮೞೆ ಮಳೆಯಾಯಿತು, ಏೞ್ ಏಳಾಯಿತು. ೞಕಾರದ ಬೆನ್ನಿಗೆ ತಕಾರ ಬಂದಲ್ಲಿ ಎರಡೂ ಸೇರಿ ಒತ್ತಕ್ಷರವಾಯಿತು: ಪೊೞ್ತು ಹೊತ್ತಾಯಿತು, ಕೞ್ತೆ ಕತ್ತೆಯಾಯಿತು. ಕತ್ತೆಯೂ ವ್ಯಾಕರಣ ಬಿಟ್ಟು ನಡೆದಿಲ್ಲ ನೋಡಿ.

ಹೊಸ ಭಾಷೆ ಕಟ್ಟುವವನು ಕದಿಯಬೇಕಾದದ್ದು ಈ ದಾರಿಯನ್ನು. ತನ್ನ ಕತೆಗಳ ಎಲ್ಫ್ ಎಂಬ ಕಲ್ಪಿತ ಜನಕ್ಕೆಂದು ಭಾಷೆ ಹುಟ್ಟಿಸಿದ ಇಂಗ್ಲಿಷ್ ಲೇಖಕ ಟೋಲ್ಕಿನ್ ಮಾಡಿದ್ದು ಇದನ್ನೇ. ಮೊದಲು ಒಂದು ಮೂಲಭಾಷೆಯನ್ನು ಊಹಿಸಿಕೊಂಡ, ಆಮೇಲೆ ಎರಡು ಬೇರೆ ಬೇರೆ ಸವೆತಗಳಲ್ಲಿ ಅದನ್ನು ಇಳಿಸಿದ. ಮರಕ್ಕೆ ಒಂದು ಕಡೆ ‘ಆಲ್ಡ’, ಇನ್ನೊಂದು ಕಡೆ ‘ಗಲಧ್’. ಕೇಳಿದರೆ ಇವು ದಾಯಾದಿಗಳಿರಬೇಕು ಅನ್ನಿಸುತ್ತದೆ.

ಸವೆತ ವಿಪರೀತವಾದರೂ ಕಷ್ಟ. ಜರ್ಮನಿಯಲ್ಲಿ ಶ್ಲೈಯರ್ ಎಂಬ ಪಾದ್ರಿ 1880ರ ಹೊತ್ತಿಗೆ ಜಗತ್ತಿಗೆಲ್ಲ ಒಂದೇ ಭಾಷೆ ಇರಲಿ ಅಂತ ‘ವೋಲಾಪ್ಯೂಕ್’ ಕಟ್ಟಿದ. ಆ ಹೆಸರಿನಲ್ಲಿರುವುದು ಇಂಗ್ಲಿಷಿನ ‘ವರ್ಲ್ಡ್’ ಮತ್ತು ‘ಸ್ಪೀಚ್’. ಹೇಳದಿದ್ದರೆ ಗುರುತು ಸಿಗುತ್ತದೆಯೇ? ಅಗಸನ ಕಲ್ಲಿಗೆ ನೂರು ಸಲ ಬಡಿದ ಬಟ್ಟೆ. 1887ರಲ್ಲಿ ವಾರ್ಸಾದಿಂದ ಎಸ್ಪೆರಾಂತೊ ಎಂಬ ಇನ್ನೊಂದು ಕಟ್ಟಿದ ಭಾಷೆ ಹೊರತಂದ ಜಾಮೆನ್‌ಹೋಫ್ ಶಬ್ದಗಳ ಮುಖ ಗುರುತು ಹಿಡಿಯುವಷ್ಟಾದರೂ ಉಳಿಸಿದ. ನಾಯಿಗೆ ಜರ್ಮನಿನಿಂದ ‘ಹುಂಡೊ’, ಹಕ್ಕಿಗೆ ಇಂಗ್ಲಿಷಿನಿಂದ ‘ಬಿರ್ಡೊ’. ಶಬ್ದದ ಮೊದಲಿಗೆ ‘ಮಲ್’ ಸೇರಿಸಿದರೆ ವಿರುದ್ಧಾರ್ಥ. ‘ಗ್ರಾಂಡ’ ದೊಡ್ಡದು, ‘ಮಲ್‌ಗ್ರಾಂಡ’ ಸಣ್ಣದು. ಕಲಿಯುವವರಿಗೆ ಸಲೀಸು, ಒಪ್ಪುತ್ತೇನೆ. ಆದರೆ ಸಣ್ಣದಕ್ಕೆ ಸ್ವಂತ ಹೆಸರೇ ಇಲ್ಲದ ಭಾಷೆಯಲ್ಲಿ ಮಗುವನ್ನು ಮುದ್ದು ಮಾಡುವುದು ಹೇಗೆ? ಇದು ನನ್ನ ತಕರಾರು, ಎಸ್ಪೆರಾಂತೊದವರು ಕ್ಷಮಿಸಬೇಕು.

ಇನ್ನು ‘ಹಳೇದು’ ಅನ್ನುವ ಮಾತು. ಯಾರಿಗೆ ಹಳೇದು? ಸಂಜೆ ಬಂದವರಿಗೆ ನಮ್ಮಲ್ಲಿ “ಆಸ್ರಿಗೆ ಎಂತ ಬೇಕು” ಅಂತ ಕೇಳುತ್ತೇವೆ. ಬಾಯಾರಿಕೆ, ದಣಿವು ಎನ್ನುವ ಹಳೆಯ ‘ಆಸರು’ ಅದರೊಳಗೆ ಕೂತಿದೆ. ನಾನು ಎನ್ನುವ ಪಂಪನ ಕಾಲದ ‘ಆನ್’ ನಮ್ಮನೆಯ ಹಿತ್ತಿಲಲ್ಲಿ “ಆನು ಬತ್ತಿ” ಅನ್ನುತ್ತ ಓಡಾಡುತ್ತದೆ. ಹುಡುಗ ಅದನ್ನು ಕಿಟೆಲ್‌ನಲ್ಲಿ ನೋಡಿ ರೋಮಾಂಚನಗೊಂಡಿದ್ದ! ಘಟ್ಟ ಇಳಿದು ಕಾರವಾರಕ್ಕೆ ಹೋಗಿ. ಸಂಕಲ್ಪಕ್ಕೋ ತೀರ್ಥಕ್ಕೋ ಮಾತ್ರ ನಾವು ಬಳಸುವ ‘ಉದಕ’ ಅಲ್ಲಿನ ಕೊಂಕಣಿಯಲ್ಲಿ ‘ಉದಾಕ್’ ಆಗಿ ಬಿಂದಿಗೆ ತುಂಬುತ್ತದೆ, ಮೀನು ತೊಳೆಯುತ್ತದೆ. ಅದು ನಮಗೆ ಮಂತ್ರ, ಅವರಿಗೆ ನಲ್ಲಿ ನೀರು.

ನಾನು ನಿಜಕ್ಕೂ ಸಿಟ್ಟಾದದ್ದು ಮರುದಿನ. ಪಟ್ಟಿಯಲ್ಲಿ ‘ಕಾಡಿನವರು’ ಎಂದು ಇನ್ನೊಂದು ಸಾಲು ಇತ್ತು. ಗೇಮಿನಲ್ಲಿ ಅವರು ಈಟಿ ಹಿಡಿದು ಮೈಮೇಲೆ ಬೀಳುವವರು. ಅವರ ಬಾಯಿಗೆ ಹಾಕಲು ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಹಾಡಿನ ವಿಡಿಯೊ ನೋಡಿ ಮಾತು ಆರಿಸಿದ್ದ. ಯಾಕೆ ಅಂದರೆ, ‘ರಾ’ ಆಗಿ ಕೇಳಿಸುತ್ತದಂತೆ. ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಆ ಹಾಡುಗಳಿಗೇ ಕಣೋ ಅಂದೆ. ನನ್ನ ದನಿ ಏರಿತ್ತು. ಅಕ್ಕ ಒಳಗಿಂದ ಬಂದು ನೋಡಿ ಹೋದಳು. ಸತ್ತ ಭಾಷೆಯಿಂದ ತೆಗೆದುಕೊಂಡರೆ ಕೇಳುವವರಿಲ್ಲ, ತಗೋ. ಬದುಕಿರುವವರ ಮಾತನ್ನು ಅವರಿಗೆ ಹೇಳದೆ ಕೇಳದೆ ರಾಕ್ಷಸರ ಬಾಯಿಗೆ ತುರುಕಿದರೆ, ನಾಳೆ ಆ ಕೇರಿಯ ಹುಡುಗನೇ ಗೇಮ್ ಆಡುವಾಗ ತನ್ನ ಅಜ್ಜಿಯ ದನಿ ಕೇಳಿ ಬೆಚ್ಚುವುದಿಲ್ಲವೇ? ಸಿನಿಮಾದವರಾದರೂ ವಾಸಿ. ‘ಬಾಹುಬಲಿ’ಯ ಕಾಲಕೇಯರಿಗೆ ಮದನ್ ಕಾರ್ಕಿ ಕಿಲಿಕಿ ಅಂತ ಹೊಸದಾಗಿಯೇ ಒಂದು ಭಾಷೆ ಕಟ್ಟಿಕೊಟ್ಟರು. ಕಾಡುಜನ ಅಂದರೆ ಕರ್ಕಶ ಮಾತು ಎನ್ನುವ ರೂಢಿ ಅಲ್ಲಿಯೂ ಇದೆ, ಅದು ಬೇರೆ ಜಗಳ.

ಹುಡುಗ ಎದುರು ಮಾತಾಡಲಿಲ್ಲ. ಸಾಲು ಪೂರ್ತಿ ಅಳಿಸಿದ. ಎರಡು ದಿನ ಶಬ್ದವನ್ನೂ ಕೇಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ಮಾತ್ರ, “ಹಂಗಾರೆ ಹೊಸ ವಸ್ತುವಿಗೆ ಹಳೇ ಭಾಷೆಯವು ಎಂತ ಹೇಳ್ತ ಮಾವಾ?” ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ತೋರಿಸಿದೆ. ಮೆಣಸು ಅಂದರೆ ಮೂಲದಲ್ಲಿ ಇದೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂದದ್ದು ಈ ಕಾಳಿಗಾಗಿ. ಅದೇ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕೆಂಪು ಕಾಯಿಯೂ ಬಂತು. ಖಾರ ಇದೆಯಲ್ಲ, ನಮ್ಮವರು ಅದನ್ನೂ ಮೆಣಸೇ ಅಂದರು. ಬಂದವಳು ಹೆಸರು ಹೊತ್ತುಕೊಂಡು ಹೋದಳು. ಮನೆಯವಳು ಕಾಳುಮೆಣಸು ಅಂತ ಬಾಲ ಹಚ್ಚಿಕೊಂಡು ಉಳಿದಳು.

ಕಳೆದ ವಾರ ಅವನ ಮೆಸೇಜ್ ಬಂತು. ದ್ವೀಪದಲ್ಲಿ ೞಕಾರ ಯಕಾರವಾಗುತ್ತದಂತೆ, ಪಕಾರ ಹಾಗೇ ಉಳಿಯುತ್ತದಂತೆ. ಮಳೆಗೆ ‘ಮಯೆ’, ಹುಳಕ್ಕೆ ‘ಪುಯು’, ಏಳಕ್ಕೆ ‘ಏಯ್’. ಓದಿ ಖುಷಿಯಾಯಿತು. ಕೊನೆಯಲ್ಲಿ ಯುದ್ಧದ ಕುದುರೆಯೂ ಇತ್ತು. ದ್ವೀಪದವರು ಕುದುರೆ ಕಂಡವರೇ ಅಲ್ಲವಂತೆ, ಇದ್ದದ್ದು ಕತ್ತೆ ಒಂದೇ. ಹಡಗಿನಿಂದ ಮೊದಲ ಕುದುರೆ ಇಳಿದಾಗ ದಂಡೆಯಲ್ಲಿ ನಿಂತವರು ಅದಕ್ಕಿಟ್ಟ ಹೆಸರು ‘ಪಿರಿಕಯ್ತೆ’.