ಬೆಟ್ಟ ಹತ್ತಿದ್ದು ಸಾಕು, ಅಂಗಡಿಯಿಂದ ಇಳಿಯೋಣ ಬನ್ನಿ

ಚಿಕ್ಕಮಗಳೂರಿಗೆ ಟ್ರೆಕ್ಕಿಂಗ್ ಎಂದು ಬರುವವರಿಗೆಲ್ಲ ಬೇಕಾಗಿರುವುದು ಒಂದು ತುದಿ. ಮುಳ್ಳಯ್ಯನಗಿರಿಯಾದರೆ ರಾಜ್ಯದಲ್ಲೇ ಎತ್ತರ, 1,930 ಮೀಟರ್. ಅದಲ್ಲದಿದ್ದರೆ ಕುದುರೆಮುಖ, ಅದಕ್ಕೆ ಟಿಕೆಟ್ ಸಿಗದಿದ್ದರೆ ಎತ್ತಿನ ಭುಜ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಟೆಂಪೋ ಹತ್ತುವುದು, ನಿದ್ದೆಗಣ್ಣಲ್ಲಿ ಗುಡ್ಡ ಏರುವುದು, ಮಂಜಿನಲ್ಲಿ ಕೈ ಚಾಚಿ ಫೋಟೊ ತೆಗೆಸಿಕೊಳ್ಳುವುದು, ಭಾನುವಾರ ರಾತ್ರಿ ವಾಪಸ್. ಗಿರಿಯ ರಸ್ತೆಯಲ್ಲಿ ಕಾರುಗಳು ಎಷ್ಟು ಜಾಸ್ತಿಯಾದವೆಂದರೆ ಜಿಲ್ಲಾಡಳಿತ ಈಗ ಆನ್‌ಲೈನ್ ಬುಕಿಂಗ್ ಮಾಡಿ, ದಿನವನ್ನು ಎರಡು ಪಾಳಿ ಮಾಡಿ ವಾಹನ ಬಿಡುತ್ತಿದೆ. ಒಳ್ಳೆಯ ಕೆಲಸವೇ. ಆದರೆ ನನ್ನ ತಕರಾರು ಜನಜಂಗುಳಿಯ ಬಗ್ಗೆ ಅಲ್ಲ. ಹಾಸನ ಮತ್ತು ಚಿಕ್ಕಮಗಳೂರಿನ ಚರಿತ್ರೆಯನ್ನು ಕಾಲ್ನಡಿಗೆಯಲ್ಲಿ ನೋಡಬೇಕೆಂದರೆ ಹತ್ತಬೇಕಾಗಿಲ್ಲ, ಇಳಿಯಬೇಕು. ಹೊಯ್ಸಳರು ಇಳಿದ ದಿಕ್ಕಿನಲ್ಲಿ.

ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿನ ಹೆಸರು ಕೇಳಿದವರೇ ಕಡಿಮೆ. ಅದು ಶಾಸನಗಳ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಸಳ ಹುಲಿ ಹೊಡೆದ ಕಥೆ ನಮಗೆಲ್ಲ ಪ್ರೈಮರಿ ಸ್ಕೂಲಿನಲ್ಲೇ ಬಾಯಿಪಾಠ. ಸುದತ್ತ ಮುನಿ ಕೂಗಿದ್ದು, ಸಳ ಹುಲಿಯನ್ನು ಕೊಂದಿದ್ದು ಎಲ್ಲ ಅಲ್ಲಿನ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ. ಹುಲಿ ಕಥೆಯನ್ನು ಎಷ್ಟು ನಂಬಬೇಕು ಎನ್ನುವುದು ಬೇರೆ ವಿಷಯ, ಆದರೆ ವಾಸಂತಿಕೆಯ ಗುಡಿ ಇವತ್ತಿಗೂ ಅಲ್ಲಿದೆ, ಪೂಜೆಯೂ ನಡೆಯುತ್ತದೆ. ಪಕ್ಕದ ದಿಬ್ಬದ ಮೇಲೆ ಹಳೆಯ ಜೈನ ಬಸದಿಗಳಿವೆ, ಆಚೆ ಪಾಳುಬಿದ್ದ ಗುಡಿಗಳಿವೆ. ಬೇಲೂರು ನೋಡಿದ ಕಣ್ಣಿಗೆ ಇವು ಏನೇನೂ ಅಲ್ಲ. ಚಿಕ್ಕವು, ಸಾದಾ, ಸುತ್ತ ಕಾಫಿ. ನನಗೆ ಆ ಜಾಗ ಹಿಡಿಸಿದ್ದೇ ಅದಕ್ಕೆ. ಮುಂದೆ ಕಾವೇರಿ ತೀರದವರೆಗೆ ದಂಡೆತ್ತಿ ಹೋದ ವಂಶ ಒಂದು ಕಾಲಕ್ಕೆ ಇಷ್ಟೇ ಆಗಿತ್ತು: ಮಳೆ, ಮಲೆ, ನಾಲ್ಕು ಗದ್ದೆ ಬಯಲು, ಒಂದು ದೇವಿ ಗುಡಿ. 'ಮಲೆಪರೊಳ್ ಗಂಡ' ಎನ್ನುವುದು ಅವರ ಬಿರುದು. ಮಲೆನಾಡಿನ ನಾಯಕರಲ್ಲಿ ಗಂಡು ನಾನೇ ಎಂದು ಹೇಳಿಕೊಳ್ಳುತ್ತಿದ್ದವರು. ರಾಜ್ಯ ದೊಡ್ಡದಾದ ಮೇಲೂ ಆ ಬಿರುದನ್ನು ಬಿಡಲಿಲ್ಲ.

ಅಲ್ಲಿಂದ ಅವರು ಬೇಲೂರಿಗೆ ಇಳಿದರು. ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಬೇಲೂರಿನಿಂದ 16 ಕಿಲೋಮೀಟರ್ ದೂರದ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, 1121ರ ಹೊತ್ತಿಗೆ ಹೊಯ್ಸಳೇಶ್ವರನ ಕೆಲಸ ಶುರುವಾಯಿತು. ಅಂಗಡಿ, ಬೇಲೂರು, ಹಳೇಬೀಡು. ಈ ಮೂರನ್ನು ಜೋಡಿಸಿ ಗೆರೆ ಎಳೆದರೆ ಮಲೆನಾಡಿನಿಂದ ಬಯಲುಸೀಮೆಗೆ ಇಳಿಯುವ ಒಂದು ದಾರಿ ಸಿಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು. ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಮೂಲದ ಊರು ಮಾತ್ರ ಪ್ರವಾಸಿಗಳ ಲೆಕ್ಕಕ್ಕೇ ಸಿಗಲಿಲ್ಲ.

ಕಾರಿನಲ್ಲಿ ಈ ಮೂರೂ ಊರನ್ನು ಒಂದೇ ದಿನ ಮುಗಿಸಬಹುದು, ಮಧ್ಯಾಹ್ನದ ಊಟಕ್ಕೆ ಟೈಮೂ ಉಳಿಯುತ್ತದೆ. ನಡೆದರೆ ಮಾತ್ರ ಗೊತ್ತಾಗುವುದು ಭೂಮಿ ಹೇಗೆ ಬದಲಾಗುತ್ತದೆ ಎನ್ನುವುದು. ಅಂಗಡಿಯ ಸುತ್ತ ತೋಟದೊಳಗೆ ಹಗಲಲ್ಲೂ ಅರೆಗತ್ತಲು. ಸಿಲ್ವರ್ ಓಕ್, ಹಾಲವಾಣ, ಮರಕ್ಕೆ ತಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ತಗ್ಗಿನಲ್ಲಿ ಗದ್ದೆ, ಇಲ್ಲವೇ ಗದ್ದೆ ಮಾಡುವುದನ್ನು ಬಿಟ್ಟು ಹುಲ್ಲು ಬೆಳೆದ ಜಾಗ. ಅರೇಹಳ್ಳಿ ದಾಟಿ ಬೇಲೂರಿನ ಕಡೆ ಬಂದಂತೆ ನೆರಳು ತೆಳ್ಳಗಾಗುತ್ತದೆ, ಆಕಾಶ ದೊಡ್ಡದಾಗುತ್ತದೆ. ಬೇಲೂರಲ್ಲಿ ಯಗಚಿ. ಅದನ್ನು ದಾಟಿ ಹಳೇಬೀಡಿನ ದಿಕ್ಕಿಗೆ ಹೊರಟರೆ ರಾಗಿ, ಜೋಳ, ತೆಂಗು, ಕೆರೆ ಏರಿ. ಬೆಳಿಗ್ಗೆ ಇಂಬಳ ಕಿತ್ತುಹಾಕುತ್ತಿದ್ದವರು ಎರಡು ದಿನ ಕಳೆದ ಮೇಲೆ ನೀರಿನ ಬಾಟಲಿ ಹುಡುಕುತ್ತಾರೆ. ಹೊಯ್ಸಳರು ಮಲೆಯಲ್ಲೇ ಯಾಕೆ ಉಳಿಯಲಿಲ್ಲ ಎನ್ನುವ ಪ್ರಶ್ನೆಯನ್ನು ನಾನು ಮಕ್ಕಳಿಗೆ ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದೆ. ಈಗ ಅನ್ನಿಸುತ್ತದೆ, ಆ ಪಾಠವನ್ನು ಕ್ಲಾಸ್ ರೂಮಿನಲ್ಲಿ ಮಾಡಲೇಬಾರದು. ಮಲೆಯಲ್ಲಿ ಬಚ್ಚಿಟ್ಟುಕೊಳ್ಳಲು ಸುಲಭ, ದೊಡ್ಡ ರಾಜ್ಯ ಕಟ್ಟಲು ಕಷ್ಟ. ಕೆರೆ ಕಟ್ಟಿ, ಕಂದಾಯ ಎತ್ತಿ, ಸೈನ್ಯ ಸಾಕಲು ಬಯಲು ಬೇಕು. ಇದು ಕಾಲಿಗೆ ತಿಳಿಯುವಷ್ಟು ಚೆನ್ನಾಗಿ ತಲೆಗೆ ತಿಳಿಯುವುದಿಲ್ಲ.

ಇನ್ನು ಗೈಡ್ ವಿಚಾರ. ಬೇಲೂರು, ಹಳೇಬೀಡಿನಲ್ಲಿ ಗುರುತಿನ ಚೀಟಿ ಇರುವ ಗೈಡ್‌ಗಳಿದ್ದಾರೆ, ಶಿಲಾಬಾಲಿಕೆಯ ಕೈಬಳೆ ತಿರುಗುವುದನ್ನೂ ತೋರಿಸುತ್ತಾರೆ. ಅರಣ್ಯ ಇಲಾಖೆಯ ಚಾರಣಗಳಿಗೂ ಗೈಡ್ ಸಿಗುತ್ತಾರೆ. ಆದರೆ ಈ ಎರಡರ ನಡುವಿನ ನೆಲಕ್ಕೆ, ಅಂದರೆ ಊರು, ತೋಟ, ಗದ್ದೆಗೆ, ಯಾರೂ ಇಲ್ಲ. ಅಲ್ಲೇ ಗೈಡ್ ಹೆಚ್ಚು ಬೇಕಾಗಿರುವುದು. ದಾರಿ ತೋರಿಸಲು ಮೊಬೈಲಿನ ಮ್ಯಾಪ್ ಸಾಕು ಎನ್ನುವವರಿದ್ದಾರೆ. ಮ್ಯಾಪ್‌ಗೆ ರಾತ್ರಿ ಆನೆ ಯಾವ ತೋಟದಲ್ಲಿ ನಿಂತಿತ್ತು ಎನ್ನುವುದು ಗೊತ್ತಿರುವುದಿಲ್ಲ. ನಮ್ಮನ್ನು ಕರೆದುಕೊಂಡು ಹೋದ ಅಣ್ಣ ತೋಟದಲ್ಲಿ ಕೆಲಸ ಮಾಡುವವರು. ಬೆಳಿಗ್ಗೆ ಆರಕ್ಕೆ ಮುಂಚೆಯೇ ಫೋನ್ ಹಿಡಿದು ಕೂತಿರುತ್ತಿದ್ದರು. ವಾಟ್ಸಾಪ್ ಗುಂಪಿನಲ್ಲಿ ಒಂದೊಂದೇ ವಾಯ್ಸ್ ಮೆಸೇಜ್ ಕೇಳಿ, ಕೊನೆಗೆ ನಮ್ಮ ಕಡೆ ತಿರುಗಿ, "ಮೇಡಂ, ಮೇಲಿನ ದಾರಿ ಇವತ್ತು ಬ್ಯಾಡ. ಒಂಟಿ ಸಲಗ ಇಳಿದದಂತೆ. ಬಳಸ್ಕಂಡು ಹೋಗಾಣ" ಎಂದರು. ನಮ್ಮ ತಂಡದ ಒಬ್ಬರಿಗೆ ಬೇಜಾರು. ಆನೆ ನೋಡಬಹುದಿತ್ತಲ್ಲ ಎಂದರು. ಆ ಅಣ್ಣ ಉತ್ತರವನ್ನೇ ಕೊಡಲಿಲ್ಲ, ಚೀಲ ಹೆಗಲಿಗೇರಿಸಿ ಹೊರಟುಬಿಟ್ಟರು. ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ಕಡೆ ಆನೆ ತುಳಿದು ಸತ್ತವರ ಮನೆಗಳಿವೆ. 2022ರಲ್ಲಿ ಸರ್ಕಾರ ಆನೆ ಕಾರ್ಯಪಡೆ ಮಾಡಿದ್ದು ಸುಮ್ಮನೆ ಅಲ್ಲ. ಬಿಕ್ಕೋಡು ಕಡೆಯ ಕೂಲಿ ಹೆಂಗಸರಿಗೆ ಆನೆ ಎಂದರೆ ಕಾಡಿನ ಸೊಬಗಲ್ಲ, ಇವತ್ತು ಕೆಲಸಕ್ಕೆ ಹೋಗಬೇಕೋ ಬೇಡವೋ ಎನ್ನುವ ಪ್ರಶ್ನೆ.

ಇಂಥವರಿಗೆ ಕೊಡುವ ದುಡ್ಡಿನಲ್ಲಿ ನಮ್ಮ ಜನ ಚೌಕಾಸಿ ಮಾಡುವುದನ್ನು ನೋಡಿದರೆ ಮೈ ಉರಿಯುತ್ತದೆ. ಹೋಮ್‌ಸ್ಟೇಗೆ ತಲೆಗೆ ಮೂರು ಸಾವಿರ ತುಟಿ ಬಿಚ್ಚದೆ ಕೊಡುತ್ತಾರೆ. ದಿನವಿಡೀ ಜೊತೆಗೆ ನಡೆದು, ಪ್ರತಿ ಗೇಟಿನಲ್ಲೂ ನಮ್ಮ ಪರವಾಗಿ ಮಾತಾಡಿದ ಮನುಷ್ಯನಿಗೆ ಮಾತ್ರ ಇನ್ನೂರು ಕಡಿಮೆ ಮಾಡಿಕೊಳ್ಳಿ ಎನ್ನುತ್ತಾರೆ. ಹಿಂದೆ ನಾನು ಸೇರಿದ್ದ ಇನ್ನೊಂದು ತಂಡದಲ್ಲಿ ಗೈಡ್ ಹುಡುಗನ ಬೆನ್ನಿಗೆ ಎಲ್ಲರ ಊಟದ ಡಬ್ಬಿ ಹೊರಿಸಿ, ಮಧ್ಯಾಹ್ನ ಅವನನ್ನು ಬೇರೆ ಕೂರಿಸಿದ್ದರು. ಅದಾದ ಮೇಲೆ ಆ ತಂಡದ ಜೊತೆ ನಾನು ಹೋಗಿಲ್ಲ.

ಅಕ್ಕನ ಮಗ ಸ್ಕಾಟ್ಲೆಂಡಿನಲ್ಲಿದ್ದಾನೆ. ಅಲ್ಲಿ 'ವೆಸ್ಟ್ ಹೈಲ್ಯಾಂಡ್ ವೇ' ಎಂದು 154 ಕಿಲೋಮೀಟರಿನ ನಡಿಗೆ ದಾರಿಯಿದೆ, 1980ರಲ್ಲಿ ತೆರೆದದ್ದು. ಬೆಟ್ಟದ ಜನರ ಬಂಡಾಯ ಹತ್ತಿಕ್ಕಲು ಹದಿನೆಂಟನೇ ಶತಮಾನದಲ್ಲಿ ಸೈನ್ಯ ಮಾಡಿದ ರಸ್ತೆಗಳು, ದನ ಹೊಡೆದುಕೊಂಡು ಹೋಗುತ್ತಿದ್ದ ಹಾದಿಗಳು, ಇವನ್ನೆಲ್ಲ ಸೇರಿಸಿಯೇ ಅದನ್ನು ಮಾಡಿರುವುದು. ಊರಿಂದ ಊರಿಗೆ ನಡೆಯುವುದು, ರಾತ್ರಿ ಊರಲ್ಲಿ ತಂಗುವುದು. ಭಾರದ ಬ್ಯಾಗನ್ನು ದುಡ್ಡು ಕೊಟ್ಟರೆ ವ್ಯಾನಿನವರು ಮುಂದಿನ ಊರಿಗೆ ಮುಟ್ಟಿಸುತ್ತಾರಂತೆ. ಇದನ್ನು ಕೇಳಿ ನನ್ನ ಅಮ್ಮ, "ಹಂಗಾದ್ರೆ ನಾನೂ ನಡೀತೀನಲ್ಲೇ" ಎಂದರು. ಅಮ್ಮನ ಮಾತು ತಮಾಷೆಯಲ್ಲ. ನಮ್ಮ ಟ್ರೆಕ್ಕಿಂಗ್ ಇಪ್ಪತ್ತೈದು ವರ್ಷದವರಿಗೆ ಮಾತ್ರ ಎನ್ನುವಂತಾಗಿದೆ. ಇಳಿಜಾರಿನ ಊರದಾರಿಯಾದರೆ ಅರವತ್ತು ದಾಟಿದವರೂ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡೆಯುತ್ತಾರೆ. ನಮ್ಮ ಅಜ್ಜಿಯರು ತವರಿಗೆ ನಡೆದುಕೊಂಡೇ ಹೋಗುತ್ತಿದ್ದರು.

ಆದರೆ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನಿನಂತೆ ಖಾಸಗಿ ಜಮೀನಿನಲ್ಲೂ ಜವಾಬ್ದಾರಿಯಿಂದ ನಡೆದುಹೋಗುವ ಹಕ್ಕು ಜನರಿಗಿದೆ. ನಮ್ಮಲ್ಲಿ ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆಯ ಕಾಲುದಾರಿ ಇರುತ್ತದೆ, ಬಂಡಿದಾರಿಯೂ ಇರುತ್ತದೆ, ಸ್ಥಳಕ್ಕೆ ಹೋದರೆ ಕಬ್ಬಿಣದ ಗೇಟು, ಸೋಲಾರ್ ಬೇಲಿ. ತೋಟದ ಮಾಲೀಕರನ್ನೇ ಬೈಯುವುದು ಸುಲಭ. ಗೇಟು ತೆಗೆದು ನಮಗೆ ಕಾಫಿ ಕೊಟ್ಟ ಹಿರಿಯರೊಬ್ಬರು ಹೇಳಿದರು: "ನೋಡಮ್ಮ, ದಾರಿ ಬಿಡಕ್ಕೆ ನಂದೇನೂ ಅಭ್ಯಂತರ ಇಲ್ಲ. ಒಬ್ರಿಗೆ ಬಿಟ್ರೆ ಮೆಣಸು ಹೋಗ್ತದೆ, ಬಾಟ್ಲಿ ಬರ್ತದೆ. ಆನೆ ಏನಾರ ಮಾಡಿದ್ರೆ ಪೊಲೀಸ್ ನನ್ ಮನಿಗೆ ಬರ್ತಾರೆ." ಮೂರೂ ನಿಜ. ಮೆಣಸಿನ ಬೆಲೆ ಏರಿದಾಗಲೆಲ್ಲ ಕಳ್ಳತನದ ಭಯವೂ ಏರುತ್ತದೆ. ಕೊಯ್ಲಿನ ಕಾಲದಲ್ಲಿ ಗುರುತಿಲ್ಲದವರು ತೋಟದಲ್ಲಿ ಓಡಾಡಿದರೆ ಯಾರಿಗಾದರೂ ಕಿರಿಕಿರಿಯೇ. ಅದಕ್ಕೇ ನಾನು ಹೇಳುವುದು, ಇದನ್ನು ಪಂಚಾಯಿತಿ, ಬೆಳೆಗಾರರ ಸಂಘ, ಪ್ರವಾಸೋದ್ಯಮ ಇಲಾಖೆ ಒಟ್ಟಿಗೆ ಕೂತು ಮಾಡಬೇಕು. ಸ್ಕಾಟ್ಲೆಂಡಿನ ಕಾನೂನನ್ನು ಇಲ್ಲಿ ತಂದು ಅಂಟಿಸಲು ಆಗುವುದಿಲ್ಲ. ನಕಾಶೆಯಲ್ಲಿ ಇರುವ ದಾರಿಯನ್ನಷ್ಟೇ ಬಿಡಲಿ, ಸ್ಥಳೀಯ ಗೈಡ್ ಜೊತೆಗಿದ್ದರೆ ಮಾತ್ರ ಬಿಡಲಿ, ಗುಂಪಿಗೆ ಹತ್ತೇ ಜನ ಇರಲಿ. ದಾರಿ ಕೊಟ್ಟ ತೋಟಕ್ಕೆ ನಡೆಯುವವರಿಂದ ಒಂದಿಷ್ಟು ಹಣ ಹೋಗಲಿ. ಗಾಜಿನ ಸೇತುವೆ, ರೋಪ್‌ವೇ ಎಂದು ಕೋಟಿಗಟ್ಟಲೆ ಮಾತಾಡುವವರಿಗೆ ಇದು ತೀರಾ ಅಗ್ಗದ ಯೋಜನೆ ಅನ್ನಿಸಬಹುದು. ರಿಬ್ಬನ್ ಕತ್ತರಿಸಲು ಏನೂ ಇಲ್ಲ ನೋಡಿ.

ಸಕಲೇಶಪುರದ ಗೆಳತಿ ಇದನ್ನು ಓದಿ ಜಗಳಕ್ಕೆ ಬರುತ್ತಾಳೆ, ಮಂಜರಾಬಾದ್ ಬಿಟ್ಟೆಯಲ್ಲ ಎಂದು. ಬಿಟ್ಟಿಲ್ಲ. 1792ರ ಟಿಪ್ಪುವಿನ ಕೋಟೆಯನ್ನು ಈಗ ಎಲ್ಲರೂ ಡ್ರೋನ್‌ನಲ್ಲೇ ನೋಡುತ್ತಾರೆ, ಎಂಟು ಮೂಲೆಯ ನಕ್ಷತ್ರ ಚೆಂದ ಕಾಣುತ್ತದೆ. ಆದರೆ ಮೆಟ್ಟಿಲು ಹತ್ತಿ ಗೋಡೆಯ ಉದ್ದಕ್ಕೂ ಸುತ್ತು ಹಾಕಿ ನೋಡಿ. ಪ್ರತಿ ಮೂಲೆಯಿಂದ ಪಕ್ಕದ ಗೋಡೆಯ ಬುಡ ಕಾಣುತ್ತದೆ. ಗೋಡೆಗೆ ಆತುಕೊಂಡು ಬಂದವನಿಗೂ ಗುಂಡಿನಿಂದ ಮರೆ ಸಿಗುವುದಿಲ್ಲ. ಫ್ರೆಂಚರ ಮಾದರಿಯ ಈ ಲೆಕ್ಕಾಚಾರ ನೆಲದ ಮೇಲೆ ನಿಂತವರಿಗೆ ಅರ್ಥವಾಗುತ್ತದೆ, ಮೇಲಿಂದ ನೋಡಿದವರಿಗೆ ಬರೀ ಆಕಾರ. ಕೋಟೆ ಕಟ್ಟಿ ಹತ್ತು ವರ್ಷಕ್ಕೆ, 1802ರಲ್ಲಿ, ಸಕಲೇಶಪುರ ಸುತ್ತಲಿನ ಇದೇ ಬಲಂ ಸೀಮೆಯ ಪಾಳೆಯಗಾರನನ್ನು ಆರ್ಥರ್ ವೆಲ್ಲೆಸ್ಲಿಯ ಪಡೆ ಹಿಡಿದು ಗಲ್ಲಿಗೇರಿಸಿತು. ಮುಂದೆ ನೆಪೋಲಿಯನ್‌ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಆ ಕಥೆಗೆ ಬೇರೆಯದೇ ದಾರಿ ಮಾಡಬೇಕು, ಅದನ್ನು ನನ್ನ ಗೆಳತಿಯೇ ಬರೆಯಲಿ.

ಹಳೇಬೀಡು ಮುಟ್ಟಿದ ಮೇಲೆ ದಯವಿಟ್ಟು ಹೊಯ್ಸಳೇಶ್ವರನ ಮುಂದೆ ಕಬ್ಬಿನ ಹಾಲು ಕುಡಿದು ಬಸ್ ಹತ್ತಬೇಡಿ. ಬಸ್ತಿಹಳ್ಳಿಯ ಬಸದಿಗಳಿಗೆ ಹೋಗಿ. ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಕೊಟ್ಟಿರುವ ಹೊಳಪು ಎಷ್ಟೆಂದರೆ ಮುಖ ಕಾಣುತ್ತದೆ. ಕೇದಾರೇಶ್ವರಕ್ಕೆ ಹೋಗಿ, ಆಮೇಲೆ ಹುಲಿಕೆರೆಯ ಕಲ್ಯಾಣಿಗೆ. ಹಳೆಯ ಕೋಟೆ ಗೋಡೆಯ ಚೂರುಗಳು ಹೊಲದ ನಡುವೆ ಸಿಗುತ್ತವೆ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದದ್ದು ಈ ಊರಿಗೇ. ಅಂಗಡಿಯಲ್ಲಿ ಶುರು ಮಾಡಿದವರಿಗೆ ಇಲ್ಲಿ ಇಡೀ ಕಥೆ ಸೇರಿಕೊಳ್ಳುತ್ತದೆ. ಬೇಲೂರಿನ ಕೆತ್ತನೆಯಲ್ಲಿ ತನ್ನ ಹೆಸರು ಉಳಿಸಿಹೋದ ಶಿಲ್ಪಿ ದಾಸೋಜ, ಅವನ ಮಗ ಚಾವಣ ಬಳ್ಳಿಗಾವಿಯವರು. ಅಲ್ಲಿಂದ ಉಳಿ, ಸುತ್ತಿಗೆ ಕಟ್ಟಿಕೊಂಡು ಬಂದವರ ದಾರಿ ಯಾವುದಿತ್ತೋ ಎಂದು ನಡೆಯುವಾಗ ಒಮ್ಮೆ ಯೋಚಿಸಿ.

ಯಾವಾಗ ಹೋಗಬೇಕು ಎಂದು ಇನ್‌ಬಾಕ್ಸ್‌ನಲ್ಲಿ ಕೇಳುತ್ತೀರಿ, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ, ಮಳೆ ಮತ್ತು ಇಂಬಳ. ಅಕ್ಟೋಬರ್ ಕೊನೆಯಿಂದ ನವೆಂಬರ್ ಚೆನ್ನ, ಹಸಿರು ಇರುತ್ತದೆ, ಅರೇಬಿಕಾ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಎಲ್ಲ ಕೊಯ್ಲಿನಲ್ಲಿರುತ್ತಾರೆ, ಗೈಡ್ ಸಿಗುವುದೇ ಕಷ್ಟ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ಕಾಫಿ ಹೂ ಅರಳಿದರೆ ಮೇಲಿನ ಭಾಗ ಸ್ವರ್ಗವೇ, ಹಳೇಬೀಡಿನ ಬಿಸಿಲು ಮಾತ್ರ ನೆತ್ತಿ ಸುಡುತ್ತದೆ, ಅಲ್ಲಿ ಬೆಳಿಗ್ಗೆ ಹತ್ತರೊಳಗೆ ನಡೆದು ಮುಗಿಸಿ. ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆಯ ಕಾಡಿಗೆ ಬೇಸಿಗೆಯಲ್ಲಿ ಹೋಗುವವರು ಮಂಗನ ಕಾಯಿಲೆಯ ಬಗ್ಗೆ ಆರೋಗ್ಯ ಇಲಾಖೆ ಹೇಳುವುದನ್ನು ಕೇಳಿ. ಅದನ್ನು ಹರಡುವ ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ. ಹೊಸ ಬೂಟು ಹಾಕಿಕೊಂಡು ಬರಬೇಡಿ. ಗೈಡ್ ಅಣ್ಣನ ನಂಬರನ್ನು ಇಲ್ಲಿ ಹಾಕುವುದಿಲ್ಲ, ಅವರು ಬೇಡ ಎಂದಿದ್ದಾರೆ, ಕೊಯ್ಲು ಮುಗಿಯಲಿ ಅಂದಿದ್ದಾರೆ. ಅಂಗಡಿ ಸುತ್ತಮುತ್ತಲಿನವರು, ಅರೇಹಳ್ಳಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮೂರಿನ ನಕಾಶೆಯಲ್ಲಿ ಬೇಲೂರು ದಿಕ್ಕಿನ ಹಳೆಯ ಬಂಡಿದಾರಿ ಎಲ್ಲೆಲ್ಲಿ ಇದೆ, ಎಲ್ಲೆಲ್ಲಿ ಮುಚ್ಚಿದೆ ಎಂದು ಕಾಮೆಂಟಿನಲ್ಲಿ ಬರೆಯಿರಿ. ನಾನು ಒಂದು ಪಟ್ಟಿ ಮಾಡುತ್ತಿದ್ದೇನೆ.