ನೆಲನೆಲ್ಲಿ ಕೀಳುವ ಮೊದಲು ಎಲೆಯ ಕಂಕುಳು ನೋಡಿ

ಮಳೆ ಹಿಡಿದು ಕೆಲ ವಾರ ಕಳೆಯುವಷ್ಟರಲ್ಲಿ ಅಂಗಳ, ತೋಟ, ಹೂಕುಂಡ ಎಲ್ಲ ಕಡೆ ನೆಲನೆಲ್ಲಿ ಎದ್ದಿರುತ್ತದೆ. ಅದನ್ನೇ ಹೋಲುವ ಗಿಡಗಳೂ ಪಕ್ಕದಲ್ಲೇ ಇರುತ್ತವೆ. ಕಾಮಾಲೆಗೆ ಮದ್ದೆಂದು ಅರೆದು ಕುಡಿಯುವ ಗಿಡವಿದು. (ಕಾಮಾಲೆಯಾದಾಗ ಮೊದಲು ವೈದ್ಯರಲ್ಲಿಗೆ ಹೋಗಿ.) ಹಾಗಾಗಿ ಮೇಲಿನಿಂದ ತೆಗೆದ ಒಂದು ಫೋಟೊ ನೋಡಿ ಹೆಸರು ಹೇಳುವುದು, ಕೇಳುವುದು ಎರಡೂ ತಪ್ಪು.

ಮೊದಲು ಅಡುಗೆಮನೆಯ ಕರಿಬೇವು ತೆಗೆದುಕೊಳ್ಳಿ. ನಾವು 'ಒಂದು ಎಸಳು' ಅನ್ನುತ್ತೇವಲ್ಲ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಆ ಇಡೀ ಎಸಳೇ ಒಂದು ಎಲೆ, ಅಂದರೆ ಸಂಯುಕ್ತ ಎಲೆ. ಒಗ್ಗರಣೆಗೆ ಬಿಡಿಸಿ ಹಾಕುವವು ಅದರ ಕಿರುಎಲೆಗಳು. ಹೇಗೆ ಗೊತ್ತಾಗುತ್ತದೆ? ಎಲೆ ಕಾಂಡಕ್ಕೆ ಕೂಡುವ ಮೂಲೆಯೇ ಕಂಕುಳು. ಮೊಗ್ಗು, ಹೂ, ಹೊಸ ಕೊಂಬೆ ಅಲ್ಲಿ ಹುಟ್ಟುತ್ತವೆ. ಕಿರುಎಲೆಯ ಬುಡದಲ್ಲಿ ಏನೂ ಹುಟ್ಟುವುದಿಲ್ಲ.

ಈಗ ನೆಲನೆಲ್ಲಿಯ ಒಂದು ಎಸಳನ್ನು ಮಗುಚಿ. ಪ್ರತಿ ಪುಟ್ಟ ಎಲೆಯ ಬುಡದಲ್ಲೂ ಹೂವೋ ಸುಮಾರು 2 ಮಿ.ಮೀ. ಅಗಲದ ಕಾಯೋ ನೇತಾಡುತ್ತಿರುತ್ತದೆ. ಹಾಗಾಗಿ ಇವು ಕಿರುಎಲೆಗಳಲ್ಲ, ಒಂದೊಂದೂ ಪೂರ್ಣ ಎಲೆ. ಎಸಳಿನಂತೆ ಕಂಡದ್ದು ಒಂದು ಸಣ್ಣ ಕೊಂಬೆ. ಇಡಿಯಾಗಿ ಉದುರಿದರೆ ಸಂಯುಕ್ತ ಎಲೆ ಎಂಬ ಅಡ್ಡದಾರಿ ನಂಬಬೇಡಿ. ಬೆಟ್ಟದ ನೆಲ್ಲಿಯಲ್ಲೂ ಈ ಕಿರುಕೊಂಬೆಗಳು ಹಾಗೆಯೇ ಉದುರುತ್ತವೆ.

ಫಿಲಾಂಥಸ್ ಎಂಬ ಗುಂಪು ಸಿಕ್ಕಿತು, ಇನ್ನು ಅದರೊಳಗಿನ ಜಾತಿ. ನೆಲನೆಲ್ಲಿಯ (ಫಿಲಾಂಥಸ್ ಅಮಾರಸ್) ಕಾಯಿ ನುಣುಪು, ಸಣ್ಣ ತೊಟ್ಟಿರುತ್ತದೆ. ಕಾಯಿ ತೊಟ್ಟಿಲ್ಲದೆ ಕೊಂಬೆಗೇ ಅಂಟಿ, ಮೈಯೆಲ್ಲ ಗಂಟುಗಂಟಾಗಿದ್ದರೆ ಅದು ಕೆಂಪು ನೆಲನೆಲ್ಲಿ, ಫಿಲಾಂಥಸ್ ಯೂರಿನೇರಿಯ. ಕಾಂಡ ಕೆಂಪಗಿದೆ ಎಂಬ ಒಂದೇ ಗುರುತು ಸಾಲದು, ಬಿಸಿಲಿಗೆ ಬಣ್ಣ ಬದಲಾಗುತ್ತದೆ. ನಡುಕಾಂಡದ ಮೇಲೆಯೇ ಹಸಿರೆಲೆಗಳು ನೇರವಾಗಿ ಮೂಡಿದ್ದರೆ ಫಿಲಾಂಥಸ್ ಮದೇರಾಸ್ಪಟೆನ್ಸಿಸ್ ಇರಬಹುದು, ಅಮಾರಸ್ ಅಂತೂ ಅಲ್ಲ. ಅಮಾರಸ್‌ನ ನಡುಕಾಂಡದಲ್ಲಿ ಹುರುಪೆಯಂಥ ಸಣ್ಣ ಎಲೆಗಳಷ್ಟೇ ಇರುತ್ತವೆ.

ನಿಜಕ್ಕೂ ಎಚ್ಚರ ಬೇಕಾದ್ದು ನೆಲಕ್ಕಂಟಿ ಹರಡುವ ಯೂಫೋರ್ಬಿಯ ಥೈಮಿಫೋಲಿಯದ ಬಗ್ಗೆ. ಮುರಿದರೆ ಬಿಳಿ ಹಾಲು ಜಿನುಗುತ್ತದೆ, ಪ್ರತಿ ಗೆಣ್ಣಿನಲ್ಲೂ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ನೆಲನೆಲ್ಲಿಯಲ್ಲಿ ಹಾಲಿಲ್ಲ, ಎಲೆಗಳು ಒಂದಾದ ಮೇಲೊಂದು ಪರ್ಯಾಯವಾಗಿ ಬರುತ್ತವೆ. ಬೇರುಸಹಿತ ಕಿತ್ತ ಮೇಲೆ ಮುರಿದು ನೋಡುವುದಲ್ಲ, ಒಂದು ಎಲೆ ಚಿವುಟಿ ಅಲ್ಲೇ ನೋಡಿ.

ಹಳೆಯ ಪುಸ್ತಕಗಳಲ್ಲಿ ನೆಲನೆಲ್ಲಿಯನ್ನು ಫಿಲಾಂಥಸ್ ನಿರೂರಿ ಎಂದು ಬರೆದಿರುತ್ತದೆ. ಆ ಹೆಸರನ್ನು ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಕೊಟ್ಟದ್ದು. ಅಸಲಿ ನಿರೂರಿ ಅಮೆರಿಕದ ಕಡೆಯ ಗಿಡ. ನಮ್ಮ ಅಂಗಳದಲ್ಲಿ ಸಾಮಾನ್ಯವಾಗಿ ಸಿಗುವುದು ಅಮಾರಸ್. ಗುರುತು ಕೇಳುವವರು ಎಸಳಿನ ಅಡಿಭಾಗ, ಕಾಯಿ, ನಡುಕಾಂಡ ಮೂರರ ಫೋಟೊವನ್ನೂ ಹತ್ತಿರದಿಂದ ತೆಗೆದು ಕಳಿಸಿ.